ಏಳು ತೊರೆಗಳ ಪುಟ

ಅಕ್ಕನ ಮಗಳಿಗೆ ಆರು ವರ್ಷ, ಮಾತು ಮಾತ್ರ ಅರವತ್ತರದ್ದು. ಬೆಳಿಗ್ಗೆ ಹಾಲಿನ ಲೋಟ ಪಕ್ಕಕ್ಕೆ ತಳ್ಳಿ, ಚಿಕ್ಕಮ್ಮ ಚಿತ್ರ ಬಿಡಿಸಿದ, ನೀರಿನ ಬಗೆಗಿನ ಮಕ್ಕಳ ಪುಸ್ತಕದ ಕರಡನ್ನು ಮಡಿಲಲ್ಲಿ ಹರವಿಕೊಂಡು ಕೂತಿದ್ದಳು.

"ಚಿಕ್ಕಮ್ಮಾ, ಈ ನದಿ ಬೆಟ್ಟದ ಹತ್ರ ಇಷ್ಟು ದಪ್ಪ ಇದೆ. ಊರಿಗೆ ಬರೋ ಹೊತ್ತಿಗೆ ಏಳು ದಾರ ಆಗಿದೆ. ನಡುವೆ ಯಾರು ಕುಡಿದ್ರು?"

"ಯಾರೂ ಕುಡಿದಿಲ್ಲ, ನೀನು ಹಾಲು ಕುಡಿ" ಎನ್ನುತ್ತ ಚಿಕ್ಕಮ್ಮ ಪುಟದತ್ತ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಏಳು ತೊರೆಗಳು ಬೆಟ್ಟದಿಂದಿಳಿದು, ಕೂಡುತ್ತ ಕೂಡುತ್ತ, ಊರಿನ ಬಳಿ ಒಂದೇ ನದಿಯಾಗಬೇಕಿತ್ತು. ನೀಲಿಯಲ್ಲಿ ಅಚ್ಚಾಗುವ ನೀರನ್ನು ಒಂದು ಪಾರದರ್ಶಕ ಹಾಳೆಯಲ್ಲಿ, ಕಪ್ಪಿನಲ್ಲಿ ಅಚ್ಚಾಗುವ ಬೆಟ್ಟ, ಮನೆ, ಅಕ್ಷರಗಳನ್ನು ಇನ್ನೊಂದರಲ್ಲಿ ಬಿಡಿಸಿ, ಒಂದರ ಮೇಲೊಂದು ಕೂರಿಸುವುದು ಅವಳ ಕೆಲಸದ ರೀತಿ. ಇದಕ್ಕೆ ಹಿಂದೆ ಅವಳು ಬಿಡಿಸಿದ್ದು ಬೇರುಗಳ ಪುಸ್ತಕ. ತಿಂಗಳುಗಟ್ಟಲೆ ದಪ್ಪದ್ದನ್ನು ಮೇಲೆ, ಸಣ್ಣದ್ದನ್ನು ಕೆಳಗೆ ಇಟ್ಟ ಕೈ, ನದಿಯನ್ನೂ ಹಾಗೇ ತಲೆಕೆಳಗಾಗಿ ಇಟ್ಟುಬಿಟ್ಟಿತ್ತು. ಸರಿಯಿದೆ ಎಂದು ಸಹಿ ಹಾಕಿ ಅಚ್ಚಿಗೆ ಕಳಿಸಿದ್ದೂ ಅದೇ ಕೈ.

ಪ್ರಕಾಶಕಿ ಮೊದಲೇ ಹೇಳಿದ್ದರು: "ಇದು ತಪ್ಪಿಲ್ಲದೆ ಬಂದ್ರೆ ಮೋಡ, ಮಂಜು, ಬಾವಿ ಮೂರು ಪುಸ್ತಕಗಳೂ ನಿಮ್ಮವೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಮುದ್ರಣಾಲಯಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ. ದೊಡ್ಡವರ್ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ, ಸುಮ್ಮನಿದ್ದರೆ? ಮೋಡದ ಪುಟಗಳು ಆಗಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದವು. ಆದರೆ ನೀರು ಮಗುವಿಗಿಂತ ಮುಗ್ಧ. ತಗ್ಗು ಕಂಡಲ್ಲಿ ಇಳಿಯುವುದು ಬಿಟ್ಟು ಅದಕ್ಕೆ ಬೇರೆ ವ್ರತವಿಲ್ಲ. ದೇವರು ಇಳಿಸಿದ್ದನ್ನು ತಾನು ಮಕ್ಕಳ ಮುಂದೆ ಹೀಗೆ ಹರಿದು ಹಂಚಿಡುವುದೇ? ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ, ಎರಡು ನಿಲ್ದಾಣ ಮೊದಲೇ ಇಳಿದು ಓಡಿದಳು.

ಮುದ್ರಣಾಲಯದಲ್ಲಿ ನೀಲಿ ಬಣ್ಣದ ಅಚ್ಚು ಮುಗಿದಿತ್ತು. ಹಾಳೆಗಳನ್ನು ಎದೆಮಟ್ಟ ಪೇರಿಸಿದ್ದರು. ಎಲ್ಲರೂ ತಾತ ಎಂದು ಕರೆಯುವ ಯಂತ್ರದವರು ಬೆರಳ ತುದಿಯಿಂದ ಶಾಯಿ ಒಣಗಿದೆಯೇ ಎಂದು ನೋಡುತ್ತಿದ್ದರು.

"ತಾತ, ಕಪ್ಪು ಹಾಕಿದ್ರಾ?"

"ಇಲ್ಲಮ್ಮ, ಪ್ಲೇಟು ಇನ್ನೂ ಆಗಿಲ್ಲ. ಯಾಕೆ, ಮನೆಗೆ ಬೆಂಕಿ ಬಿದ್ದೋರ ಹಾಗೆ ಓಡಿ ಬಂದೆ?"

ಹೇಳಿದಳು. ತಾತ ಒಂದು ಹಾಳೆ ಎಳೆದು ಮೇಜಿನ ಮೇಲೆ ಹರವಿ ನೋಡಿದರು. ಆ ಪುಟದಲ್ಲಿ ಬರೀ ನೀಲಿ. ದಪ್ಪದ್ದು ಮೇಲೆ, ಎಳೆಗಳು ಕೆಳಗೆ.

"ಇಷ್ಟೂ ರದ್ದಿಗೆ ಹಾಕಬೇಕಾಗುತ್ತಲ್ಲ ತಾಯಿ."

ಅವಳು ಹಾಳೆಯ ಸುತ್ತ ಒಂದು ಸುತ್ತು ಬಂದಳು. ಮೇಜಿನ ಆಚೆ ತುದಿಯಿಂದ ನೋಡಿದಾಗ ಏಳು ತೊರೆಗಳು ಮೇಲಿದ್ದವು, ನದಿ ಅವಳ ಕಡೆಗೆ ಇಳಿದು ಬರುತ್ತಿತ್ತು.

"ಕಪ್ಪನ್ನೂ ಈ ಪುಟದಲ್ಲಿ ತಿರುಗಿಸಿ ಹಾಕಿದ್ರೆ? ಮಗು ಪುಸ್ತಕ ತಿರುಗಿಸಿ ನೋಡಲಿ. ಹಿಂದಿನ ಪುಟದಲ್ಲಿ ಒಂದು ಸಾಲು ಬರೀತೀನಿ."

"ಕೊಂಡೋರು ತಪ್ಪು ಅಚ್ಚು ಅಂತ ವಾಪಸ್ ತಂದು ಮುಖಕ್ಕೆ ಎಸೀತಾರೆ. ಅದು ಇರಲಿ, ನಿನ್ನ ಪ್ರಕಾಶಕಿಗೆ ಯಾರು ಹೇಳೋರು?"

"ನಾನೇ."

ಫೋನಿನ ಮೂರು ಮಾತಿಗೆ ಪ್ರಕಾಶಕಿ ಬಂದುಬಿಟ್ಟರು. ಹಾಳೆ ತೆಗೆದುಕೊಂಡರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಅವಳು ಬರೆದ ಸಾಲನ್ನು ಓದಿದರು: 'ಪುಸ್ತಕವನ್ನು ತಲೆಕೆಳಗು ಮಾಡು. ಈಗ ಬೆಟ್ಟದ ತೊರೆಗಳ ಜೊತೆ ಬೆರಳಿಂದ ಇಳಿದು ಬಾ.'

"ಕರಡನ್ನ ನಾನೂ ನೋಡಿದ್ದೆ" ಎಂದರು ಪ್ರಕಾಶಕಿ. "ಕರಡು ತಿದ್ದೋ ಮೇಷ್ಟ್ರೂ ನೋಡಿದ್ರು. ಹಿಡಿದಿದ್ದು ಯಾರು?"

"ಅಕ್ಕನ ಮಗಳು. ಹಾಲು ಕುಡಿಯೋಕೆ ಸತಾಯಿಸ್ತಿದ್ಲು."

ಪ್ರಕಾಶಕಿ ನಗಲಿಲ್ಲ. "ಹೀಗೇ ಹಾಕಿ. ಮೋಡದ ಪುಟಗಳನ್ನ ಮೊದಲು ಅವಳಿಗೆ ತೋರಿಸಿ, ಆಮೇಲೆ ನನಗೆ ತನ್ನಿ."

ಅವರು ಹೋದಮೇಲೆ ತಾತ ಕಪ್ಪಿನ ಹಾಳೆಯನ್ನು ತಿರುಗಿಸಿ ಹೊಂದಿಸಿ, ಕಣ್ಣು ಮುಚ್ಚಿ ತುಟಿ ಅಲುಗಿಸಿ, ಪ್ಲೇಟು ಮಾಡುವ ಯಂತ್ರದತ್ತ ನಡೆದರು. ಅವಳು ಅಡ್ಡ ನಿಂತಳು.

"ಕೆಲಸ ಉಳೀತಲ್ಲ, ಇನ್ನೇನಮ್ಮ?"

"ಒಂದು ನಿಮಿಷ ತಾತ. ಇನ್ನೊಂದ್ಸಲ ನೋಡ್ತೀನಿ, ಯಾವುದು ಮೇಲೆ ಅಂತ."