ಜಗಲಿಯ ಬೆನ್ನಿಗೆ ಬಚ್ಚಲ

ಹಿಡಿಕೆ ಬಚ್ಚಲದ ಗೋಡೆ ಬಿಟ್ಟು ಬಂದದ್ದು ಶಿವಗಂಗವ್ವ ಅದನ್ನು ಹಿಡಿದು ಮೇಲೇಳುವಾಗ. ಅರ್ಧ ಎದ್ದಿದ್ದಳು. ಮೊದಲು ಟೈಲ್ಸಿನ ಒಳಗಿಂದ ಪುರುಪುರು ಸಪ್ಪಳ ಬಂತು. ಆಮೇಲೆ ಸ್ಕ್ರೂಗಳು, ಅವುಗಳ ಪ್ಲಾಸ್ಟಿಕ್ ಕೊಳವೆಗಳು, ಒಂದು ಬೊಗಸೆ ಒಣ ಮಣ್ಣು ಎಲ್ಲಾ ಕೂಡಿ ಅವಳ ಮಡಿಲಿಗೆ ಸುರಿದವು. ಪುಣ್ಯಕ್ಕೆ ಕುಂತಿದ್ದ ಕಲ್ಲಿನ ಮೇಲೆಯೇ ಕುಸಿದಳು. ಹೊಳೆಯುವ ಸ್ಟೀಲಿನ ಹಿಡಿಕೆ ಕೈಯಲ್ಲೇ ಇತ್ತು.

"ಏನ್ ಬಿತ್ರೀ ಅತ್ತೀ?" ಸೊಸೆ ಶೈಲಾ ಹೊರಗಿನಿಂದ ಕೇಳಿದಳು.

"ನಿನ್ನ ಗಂಡ ತಂದದ್ದು ಬಿತ್ತು."

ಶೈಲಾ ಆಗಲೇ ಸಾಲಿಗೆ ಹೋಗುವ ಸೀರೆ ಉಟ್ಟಿದ್ದಳು. ಅಣ್ಣಿಗೇರಿಯ ಒಂದು ಖಾಸಗಿ ಶಾಲೆಯಲ್ಲಿ ಅವಳು ಮಾಸ್ತರಿಕೆ ಮಾಡುತ್ತಿದ್ದಳು. ತಮ್ಮೂರು ಶಲವಡಿಯಿಂದ ಹೊರಡುವ ಬಸ್ಸು ತಪ್ಪಿದರೆ ಹೆಡ್‌ಮಾಸ್ತರ ಮುಖ ನೋಡಬೇಕು. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಬಂದಳು. ಗೋಡೆಯ ತೂತು ನೋಡಿದಳು, ಅತ್ತೆಯ ಮಡಿಲ ಮಣ್ಣು ನೋಡಿದಳು. ತಂಬಿಗೆಯಲ್ಲಿ ನೀರು ತುಂಬಿ ತುಂಬಿ ಹುಯ್ದಳು, ಭಾಂಡೆ ತೊಳೆದ ಹಾಗೆ.

"ಸುಡತೈತಿ."

"ಆರೂತನ ನಿಲ್ಲಾಕ ಬಸ್ ನಮ್ಮಪ್ಪಂದಲ್ರಿ."

ಶಿವಗಂಗವ್ವನ ತೊಡೆಯ ಎಲುಬು ಮುರಿದದ್ದು ಕಡಲೆ ಕೀಳುವ ದಿನಗಳಲ್ಲಿ, ಇದೇ ಬಚ್ಚಲದಲ್ಲಿ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಳಗೆ ಉಕ್ಕಿನ ಸಳಿ ಹಾಕಿ ಕಳಿಸಿದರು. ವಾಕರ್ ಹಿಡಿದು ಮನೆ ತುಂಬ ಓಡಾಡುವಳು, ಹಸಿ ಕಲ್ಲಿನ ಮೇಲೆ ಕುಂತು ಏಳಲು ಮಾತ್ರ ಆಗುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ಅದು. ಜಳಕ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಅವಳು ಬಾಯಿಗೆ ನೀರು ಹಾಕಿದವಳಲ್ಲ. ಈಗ ಜಳಕದ ಹೊತ್ತು ಸೊಸೆಯ ಕೈಯಲ್ಲಿತ್ತು. ಕೆಲವು ದಿನ ಬಸ್ಸಿಗೆ ಮುಂಚೆ ಆಗುತ್ತಿತ್ತು, ಕೆಲವು ದಿನ ಶೈಲಾ ಸಂಜೆ ತಿರುಗಿ ಬಂದ ಮೇಲೆ. ಅಂಥ ದಿನ ಶಿವಗಂಗವ್ವ ಒಣ ಬಾಯಿಯಲ್ಲಿ ಹೊರಗಿನ ಕಟ್ಟೆಗೆ ಕುಂತು, ಹೋಗಿ ಬರುವವರಿಗೆಲ್ಲ, "ಇನ್ನೂ ಜಳಕಾ ಆಗಿಲ್ಲವಾ, ಚಾ ಎಲ್ಲಿದು ಬಿಡು" ಎನ್ನುವಳು. ಆ ಮಾತು ಶೈಲಾ ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಅವಳ ಕಿವಿಗೆ ಬಿದ್ದಿರುತ್ತಿತ್ತು. ಮರುದಿನದ ನೀರು ಮತ್ತಷ್ಟು ಬಿಸಿ ಇರುತ್ತಿತ್ತು.

ಮುದುಕಿಗೆ ಬೇಕಾದದ್ದು ಇಷ್ಟೇ: ಬೆಳಗಾಗುತ್ತಲೇ ತಾನೇ ಕುಂತು, ತಾನೇ ಎದ್ದು ಬರಬೇಕು. ತನ್ನ ಮೈಮೇಲೆ ಇನ್ನೊಬ್ಬರ ಕೈ ಬೀಳಬಾರದು.

ಅಂದು ಮಧ್ಯಾಹ್ನ ವೆಲ್ಡಿಂಗಿನ ಮುಜಫರ್ ಬಂದ. ಹಿಂದಿನ ದಿನ ಹಿಡಿಕೆ ಕೂರಿಸಿದವನು ಅವನೇ. ತೂತಿನೊಳಗೆ ಬೆರಳು ಹಾಕಿ ತಿರುವಿದ, ಮಣ್ಣು ಉದುರಿತು.

"ನಾ ಮೊದಲ ಹೇಳಿದ್ನೆಲ್ರಿ ಕಾಶಿನಾಥಪ್ಪಾರ. ಇದು ಮಣ್ಣಿನ ಗ್ವಾಡಿ. ಮ್ಯಾಲ ಟೈಲ್ಸ್ ಅಂದ್ರ ಮುದುಕಿಗೆ ಪೌಡರ್ ಹಚ್ಚಿದಂಗ."

"ಯಾವ ಮುದುಕಿಗೆ?" ಶಿವಗಂಗವ್ವ ಕೇಳಿದಳು.

"ಮಾತಿಗಂದ್ನಿ ಯವ್ವಾ."

ಮಗ ಕಾಶಿನಾಥ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ನೆಲದಾಗ ಪೈಪ್ ಹುಗದ್ರ?"

"ಕೆಳಗ ಎರಿ ಮಣ್ಣೈತ್ರಿ, ಬಚ್ಚಲ ನೀರ ಕುಡದ ಕುಂತೈತಿ. ನಾಕ ದಿನಕ್ಕ ಸಡಲಿದ ಹಲ್ಲಿನಂಗ ಅಲಗ್ಯಾಡತೈತಿ. ಆ ಬಾಜು ಹಂಡೆದ ಒಲಿ, ಈ ಬಾಜು ತಗಡು, ಮುಂದ ಬಾಗಲ. ಉಳದದ್ದು ಇದೊಂದ ಗ್ವಾಡಿ. ಇದಕ್ಕ ಆರ್‌ಪಾರ್ ಸಳಿ ಹಾಕಿ, ಆ ಬಾಜು ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗದ್ರ ಆನಿ ಜೋತಾಡಿದ್ರೂ ಬರಂಗಿಲ್ಲ."

ಗೋಡೆಯ ಆ ಬಾಜು ಶಿವಗಂಗವ್ವನ ಮೈದುನ ಈರಬಸಪ್ಪನ ಪಾಲಿನ ಮನೆ. ಬಚ್ಚಲದ ಬೆನ್ನಿಗೆ ಸರಿಯಾಗಿ ಅವನು ದೇವರನ್ನಿಟ್ಟ ಜಗಲಿ.

ಅಣ್ಣತಮ್ಮಂದಿರ ಪಾಲಾದಾಗ ಹಿರಿಯರು ಹಗ್ಗ ಹಿಡಿದು ಮನೆಯನ್ನು ನಡುವೆ ಅಳೆದಿದ್ದರು. ನಡುವಿನ ಗೋಡೆ ಒಂದೂವರೆ ಮೊಳ ದಪ್ಪ. ಅದರಲ್ಲೂ ಅರ್ಧ ಇವರದು, ಅರ್ಧ ಅವರದು ಎಂದು ಬಾಯಿಮಾತಿನಲ್ಲಿ ಹೇಳಿ ಎದ್ದು ಹೋಗಿದ್ದರು. ಶಿವಗಂಗವ್ವನ ಗಂಡ ತೀರಿಹೋದ ಮೇಲೂ ಆ ಮಾತು ಹಾಗೇ ಉಳಿದಿತ್ತು. ಅತ್ತಿಗೆ ಮೈದುನರ ನಡುವೆ ಉಳಿಯದೆ ಹೋದದ್ದು ಮಾತುಕತೆ ಒಂದೇ. ಲಗ್ನದಲ್ಲಿ, ಸಾವಿನಲ್ಲಿ ಎದುರಾದರೂ ಮೂರನೆಯವರ ಮುಖ ನೋಡಿಯೇ ಆಡುತ್ತಿದ್ದರು.

ಅವತ್ತೂ ಹಾಗೇ ಆಯಿತು. ಶಿವಗಂಗವ್ವ ವಾಕರ್ ಊರುತ್ತ ಓಣಿಗೆ ಇಳಿದು ಪಕ್ಕದ ಬಾಗಿಲ ಮುಂದೆ ನಿಂತಳು. ಮಗ ಹಿಂದೆ, ಮುಜಫರ್ ನಡುವೆ. ಈರಬಸಪ್ಪ ಬನಿಯನ್ ಮೇಲೆ ಟವೆಲ್ ಹೊದ್ದು ಹೊಸ್ತಿಲಿಗೆ ಬಂದ.

"ಮುಜಫರ್, ಆ ಮನೀ ಯಜಮಾನ್ರಿಗೆ ಹೇಳು, ಗ್ವಾಡ್ಯಾಗ ನಾಕ ತೂತ ಹಾಕೂದೈತಿ ಅಂತ."

"ಮುಜಫರ್, ನಾ ಕಿವುಡಲ್ಲ. ಆದ್ರ ಮಾತು ನನಗ ಬಂದಿಲ್ಲ, ನಿನಗ ಬಂದೈತಿ. ನೀ ಹೇಳಿದ ಮ್ಯಾಲ ಕೇಳತೀನಿ."

ಮುಜಫರ್ ಇಬ್ಬರನ್ನೂ ನೋಡಿದ. "ನಾಕ ತೂತ್ರೀ ಕಾಕಾ."

"ಎಲ್ಲಿ?"

"ಬಚ್ಚಲ ಗ್ವಾಡ್ಯಾಗ್ರೀ. ಅವ್ವಾರಿಗೆ ಹಿಡಕೊಂಡ ಏಳಾಕ."

"ಅವರ ಬಾಜು ಬಚ್ಚಲ. ನನ್ನ ಬಾಜು ಏನೈತಿ?"

"ಜಗಲಿ ಐತ್ರಿ."

"ಹಂಗಾರ ಅವರ ಬಚ್ಚಲದ ಕಬ್ಬಿಣ ಬಂದು ನನ್ನ ದೇವರ ತಲಿ ಹಿಂದ ಕುಂಡ್ರಬೇಕು. ದಿನಾ ಅವ್ರು ಜಗ್ಗಬೇಕು, ದಿನಾ ನನ್ನ ದೇವ್ರು ನಡಗಬೇಕು. ಬರೊಬ್ಬರಿ ಅದ."

"ದೇವ್ರು ನಮ್ಮ ಮಾವನ ಕಾಲದ್ದು, ಅವನೊಬ್ಬಂದಲ್ಲ ಅಂತ ಹೇಳು," ಎಂದಳು ಶಿವಗಂಗವ್ವ.

"ಅರ್ಧ ಗ್ವಾಡಿ ಅವರದೈತಿ. ಅದರಾಗ ಬೇಕಾದ್ದು ಹೊಡಕೊಳ್ಳಲಿ. ನಡಕ ಮುಟ್ಟಿದ ಮ್ಯಾಲ ಡ್ರಿಲ್ ನಿಲ್ಲಸಬೇಕು."

"ಅರ್ಧ ಗ್ವಾಡ್ಯಾಗ ಸಳಿ ನಿಲ್ಲಂಗಿಲ್ರಿ ಕಾಕಾ."

"ಅರ್ಧ ಮನ್ಯಾಗ ನಾ ನಿಂತಿಲ್ಲೇನು?"

ಎದುರು ಮನೆಯ ಹೆಣ್ಣುಮಕ್ಕಳು ಜೋಳ ಹಸನು ಮಾಡುವ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು. ಕಾಶಿನಾಥ ಮುಂದೆ ಬಂದು, "ಕಾಕಾ, ನಮ್ಮವ್ವ ಮತ್ತೊಮ್ಮೆ ಬಿದ್ದರ ಏಳೂದಿಲ್ಲ. ಪಟ್ಟಿ ಮ್ಯಾಲ ಗಿಲಾವ ಮಾಡಿಸಿ ಕೊಡತೀನಿ, ಕಾಣಂಗಿಲ್ಲ" ಎಂದ.

ಈರಬಸಪ್ಪ ಅವನನ್ನು ನೋಡಲಿಲ್ಲ. ಮುಜಫರನನ್ನು ಮೆಲ್ಲಗೆ ಬದಿಗೆ ಸರಿಸಿದ.

"ವೈನಿ," ಎಂದ.

ಮೈದುನ ಅತ್ತಿಗೆಯನ್ನು ಕರೆಯುವ ಆ ಮಾತನ್ನು ಶಿವಗಂಗವ್ವ ಕಡೆಯ ಸಲ ಗಂಡ ಇದ್ದಾಗ ಕೇಳಿದ್ದು.

"ಗಟಾರ ಇರೂದು ಹಿತ್ತಲದ ಆ ತುದಿಗೆ. ಬಚ್ಚಲ ಕಟ್ಟಿಸಿದ್ದು ಈ ತುದಿಗೆ. ಯಾಕ್ರಿ?"

"ಜಾಗ ಅಲ್ಲಿ ಇತ್ತು."

"ಜಾಗ ಎಲ್ಲಾ ಕಡೆ ಇತ್ತು. ಒಂದ ಮಾತ ಹೇಳ್ರಿ ಸಾಕು. ಈರಬಸು, ನಿನ್ನ ದೇವರ ಬೆನ್ನಿಗೆ ಬೇಕಂತ ಬಚ್ಚಲ ಕಟ್ಟಿಸಿದ್ನಿ ಅಂತ. ಇಲ್ಲೇ, ಓಣ್ಯಾಗ ನಿಂತು ಹೇಳ್ರಿ. ಈಗಿಂದೀಗ ನಾನ ದೇವರ ಇಳಿಸಿ ಬಾಜೂಕ ಇಡತೀನಿ. ನಾಕಲ್ಲ, ಹತ್ತು ತೂತ ಹಾಕಸ್ರಿ."

ಅದು ನಿಜವಾಗಿತ್ತು. ಜಗಲಿ ತನಗೆ ಬರಲಿಲ್ಲ ಎಂಬ ಸಿಟ್ಟಿನಲ್ಲಿ, ಪಾಲಾದ ವರ್ಷವೇ, ಗೌಂಡಿಯನ್ನು ಕರೆದು ಇಲ್ಲೇ ಕಟ್ಟು ಎಂದು ಕಾಲಿನಿಂದ ಗೆರೆ ಎಳೆದು ತೋರಿಸಿದವಳು ಅವಳು. ಪೂಜೆಗೆ ಕುಂತಾಗೆಲ್ಲ ಅವನಿಗೆ ನಮ್ಮ ಮೈ ತೊಳೆದ ನೀರಿನ ಸಪ್ಪಳ ಕೇಳಲಿ ಎಂದಿದ್ದಳು. ಗೌಂಡಿಗೆ ಗೊತ್ತಿತ್ತು, ಮಗನಿಗೆ ಗೊತ್ತಿತ್ತು, ಮೊರ ಹಿಡಿದು ನಿಂತವರಿಗೂ ಗೊತ್ತಿತ್ತು. ಅವಳ ಬಾಯಿಂದ ಬಂದಿರಲಿಲ್ಲ, ಅಷ್ಟೆ.

ಕಾಶಿನಾಥ ಕಿವಿಯ ಹತ್ತಿರ ಬಂದು, "ಹೇಳಿಬಿಡಬೇ, ಯಾಕ ಹಟಾ ಮಾಡತಿ. ಎಲ್ಲಾರಿಗೂ ಗೊತ್ತಿದ್ದದ್ದ ಐತಿ" ಎಂದ.

"ಗೊತ್ತಿದ್ದರ ಮತ್ಯಾಕ ಹೇಳಬೇಕು?"

"ನಾಳೆ ಮತ್ತ ಶೈಲಾನ ಜಳಕಾ ಹಾಕಬೇಕು."

"ಹಾಕಲಿ. ಇವನ ಮುಂದ ಬಾಯಿ ಬಿಡೂದಕಿಂತ ಆಕಿ ಸುಡೂ ನೀರ ಚಲೋ."

ವಾಕರ್ ತಿರುಗಿಸಿದಳು. ಹಿಂದಿನಿಂದ ಈರಬಸಪ್ಪ, "ಗ್ವಾಡಿ ಎಲ್ಲೂ ಹೋಗಂಗಿಲ್ಲ ವೈನಿ, ನಾನೂ ಇಲ್ಲೇ ಇರತೀನಿ" ಎಂದು ಬಾಗಿಲು ಹಾಕಿಕೊಂಡ.

ಆ ಸೀಮೆಯ ಹಳೆಯ ಮನೆಗಳಂತೆ ಅವರ ಮನೆಯಲ್ಲೂ ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಏರಿದರೆ ಪಡಸಾಲೆ. ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮೇಲೆ ದನದ ಜಾಗದಲ್ಲಿ ಗೊಬ್ಬರದ ಚೀಲ, ಕಾಶಿನಾಥನ ಬೈಕು ನಿಲ್ಲುತ್ತಿದ್ದವು. ಸಿಟ್ಟಿನಲ್ಲಿ ಮೆಟ್ಟಿಲ ಹತ್ತಿರ ವಾಕರ್ ಓರೆಯಾಯಿತು. ಶಿವಗಂಗವ್ವ ಅದನ್ನು ಬಿಟ್ಟು ಎತ್ತು ಕಟ್ಟುವ ಕಂಬಕ್ಕೆ ಕೈ ಹಾಕಿದಳು. ಮೈಭಾರವೆಲ್ಲ ಅದರ ಮೇಲೆ ಬಿತ್ತು, ಕಂಬ ಮಿಸುಕಲಿಲ್ಲ. ಅವಳು ಮೆಟ್ಟಿಲು ಏರಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು ನಿಂತಳು. ಮತ್ತೆ ಒಮ್ಮೆ ಜಗ್ಗಿದಳು.

"ಮುಜಫರ್, ಇದನ್ನ ಅಲಗ್ಯಾಡಿಸಿ ನೋಡು."

ಅವನು ಎರಡೂ ಕೈಯಿಂದ ಹಿಡಿದು ಭುಜ ಕೊಟ್ಟು ನೂಕಿದ. "ಕರಿಜಾಲಿ ನಡುಗಟ್ಟಿಗಿ ಯವ್ವಾ. ಗೂಳಿ ಕಟ್ಟಿದ್ರೂ ನಿಲ್ಲತೈತಿ."

"ಕಟ್ಟಿದ್ದಿವಿ. ನಿಂತಿತ್ತು. ಬಚ್ಚಲ ಕಲ್ಲ ಕಿತ್ತಗೊಂಡ ಬಂದ ಇದರ ಬುಡಕ ಹಾಕು."

ಕಾಶಿನಾಥನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲೇ ಜಳಕಾ ಮಾಡತೀಯೇನು? ತಲಬಾಗಲದಾಗ? ಬಂದವ್ರು ಏನಂದಾರು?"

"ಬಂದವ್ರು ನನ್ನ ಎತ್ತಿ ನಿಲ್ಲಸ್ತಾರೇನು? ಬಾಗಲಾ ಹಾಕು, ಒಂದ ಸೀರಿ ಕಟ್ಟು. ಗಂಜಲ ಹರಿಯೂ ಕಾಲುವಿ ಅಲ್ಲೇ ಐತಿ, ನೀರ ಹೋಗತೈತಿ."

ಮುಜಫರ್ ಹಿಡಿಕೆಗೆ ಪೈಪು ಬಗ್ಗಿಸಿ ತಂದ. ಕಾಶಿನಾಥ ಮೊಬೈಲಿನಲ್ಲಿ ಆಸ್ಪತ್ರೆಯ ಬಾತ್‌ರೂಮಿನ ಚಿತ್ರ ತೋರಿಸಿ, ಎದೆಮಟ್ಟಕ್ಕೆ ಹಾಕು ಎಂದ. ಆ ಚಿತ್ರದಲ್ಲಿ ಜನ ನಿಂತು ಮೀಯುತ್ತಿದ್ದರು. ಶಿವಗಂಗವ್ವ ಕಲ್ಲಿನ ಮೇಲೆ ಕುಂತು ಕೈಚಾಚಿ ಕಂಬ ಮುಟ್ಟಿ, "ಇಲ್ಲಿ" ಎಂದಳು. ಅರ್ಧ ಎದ್ದು, ಉಸಿರು ಬಿಗಿಹಿಡಿದು, "ಇಲ್ಲೊಂದು" ಎಂದಳು. ಮುಜಫರ್ ಎರಡೂ ಕಡೆ ಸೀಮೆಸುಣ್ಣದ ಗುರುತು ಹಾಕಿ, ಕಂಬಕ್ಕೆ ಆರ್‌ಪಾರ್ ತೂತು ಕೊರೆದು ಬೋಲ್ಟು ಬಿಗಿದ. ಕೊರೆಯುವಾಗ ಪಕ್ಕದ ಮನೆಯ ಬಾಗಿಲು ತೆರೆದ ಸಪ್ಪಳ ಕೇಳಿತು, ಮತ್ತೆ ಹಾಕಿದ ಸಪ್ಪಳ.

ಸಂಜೆ ಬಂದ ಶೈಲಾ ವ್ಯಾನಿಟಿ ಬ್ಯಾಗು ಹೆಗಲಿಂದ ಇಳಿಸದೆ ನಿಂತು ನೋಡಿದಳು.

"ಚಲೋ ಆತ್ರಿ. ಇನ್ನ ಊರ ಮಂದಿ ಎಲ್ಲಾ ನನ್ನ ಮುಖಕ್ಕ ಉಗಳತಾರ. ಸೊಸಿ ಅತ್ತೀನ್ನ ಎತ್ತಿನ ಕಂಬಕ್ಕ ಕಟ್ಯಾಳ ಅಂತ."

"ಅನ್ನಲಿ. ನಿನಗ ಬಸ್ ಸಿಗತೈತಿ."

"ನಾ ಕೈಲೆ ಮಾಡಿದ್ದು ಇಷ್ಟ ದಿನ ನಿಮಗ ಏನೂ ಅಲ್ಲ."

"ಮಾಡಿದಿ. ಭಾಂಡೆ ತಿಕ್ಕಿದಂಗ ಮಾಡಿದಿ."

"ಭಾಂಡೆ ಮಾತಾಡೂದಿಲ್ರಿ," ಎಂದು ಶೈಲಾ ಒಳಗೆ ಹೋದಳು. ಅವತ್ತಿನ ರೊಟ್ಟಿಯನ್ನು ಮೂವರೂ ಬೇರೆ ಬೇರೆ ಕುಂತು ಉಂಡರು.

ಬೆಳಗ್ಗೆ ಶೈಲಾ ಬಿಸಿನೀರಿನ ಬಕೀಟು, ತಣ್ಣೀರಿನ ಕೊಡ ತಂದು ಕಂಬದ ಬುಡಕ್ಕೆ ಕುಕ್ಕಿದಳು. ಸೀರೆಯ ಪರದೆ ಎಳೆದಳು.

"ಹೋಗು ಇನ್ನ," ಎಂದಳು ಒಳಗಿನಿಂದ ಶಿವಗಂಗವ್ವ.

"ಹೊರಗ ಅದೀನ್ರಿ."

"ದೂರ ಹೋಗು."

"ಬಿದ್ರ ಎತ್ತಾಕ ಯಾರ ಬರಬೇಕು? ಕಾಕಾರ?"

ಮುದುಕಿ ಕೆಳಗಿನ ಹಿಡಿಕೆ ಹಿಡಿದು ಮೆಲ್ಲಗೆ ಕಲ್ಲಿಗೆ ಕುಂತಳು. ನೀರಿಗೆ ಕೈಯದ್ದಿ ನೋಡಿ, ತಣ್ಣೀರು ಬೆರೆಸಿಕೊಂಡಳು. ಒಂದು ತಂಬಿಗೆ ಹಾಕಿಕೊಂಡು ಸುಮ್ಮನೆ ಕುಂತಳು, ಇನ್ನೊಂದು ಹಾಕಿಕೊಂಡಳು. ಬೆನ್ನು ಕೈಗೆ ಎಟಕುವಷ್ಟು ತಿಕ್ಕಿದಳು, ಎಟಕದ್ದನ್ನು ಬಿಟ್ಟಳು. ಏಳುವಾಗ ತೊಡೆಯೊಳಗಿನ ಸಳಿ ಉರಿಯಿತು. ಮೇಲಿನ ಹಿಡಿಕೆಗೆ ಕೈ ಸಿಗುವ ಮೊದಲು ಒಂದು ಗಳಿಗೆ ನಡುವೆ ತೂಗಿದಳು. ಪರದೆಯ ಆಚೆ ಶೈಲಾಳ ಬಳೆ ಸಪ್ಪಳವಾಯಿತು.

"ಬರಬ್ಯಾಡ."

ಬಳೆ ನಿಂತವು. ಶಿವಗಂಗವ್ವ ಎದ್ದು ನಿಂತಿದ್ದಳು.

ಸೀರೆ ಸುತ್ತಿಕೊಂಡು ಪಡಸಾಲೆಗೆ ಬಂದು, ಹಣೆಗೆ ಇಬತ್ತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಶೈಲಾ ತಲೆಬಾಗಿಲು ತೆರೆದಿದ್ದಳು. ಜಳಕದ ನೀರು ಗಂಜಲದ ಕಾಲುವೆ ಹಿಡಿದು ಓಣಿಗೆ ಇಳಿದು, ಪಕ್ಕದ ಹೊಸ್ತಿಲ ಮುಂದೆ ಹರಿಯುತ್ತಿತ್ತು. ಈರಬಸಪ್ಪ ಅಲ್ಲಿ ನಿಂತು ನೋಡುತ್ತಿದ್ದ. ಓಣಿಗೆಲ್ಲ ಕೇಳುವ ಹಾಗೆ ಹೇಳಿದ:

"ಎತ್ತ ಮಾರಿದ್ರು ಅಂದ್ಕೊಂಡಿದ್ನಿ. ಮತ್ತ ದನ ಕಟ್ಟಿದಂಗ ಕಾಣತೈತಿ."

ಶಿವಗಂಗವ್ವನಿಗೆ ಕೇಳಿಸಿತು. ಕೈಯಲ್ಲಿ ಲಿಂಗ ಇದ್ದಾಗ ಬಾಯಿ ತೆರೆಯುವಂತಿಲ್ಲ. ಕಣ್ಣು ಮುಚ್ಚಿಕೊಂಡಳು, ದವಡೆ ಮಾತ್ರ ಆಡುತ್ತಿತ್ತು.

ಬಾಗಿಲಲ್ಲಿದ್ದ ಶೈಲಾ ಕಸಬರಿಗೆ ಕೆಳಗೆ ಇಡದೆ ಉತ್ತರ ಕೊಟ್ಟಳು. "ಹೌದ್ರಿ ಕಾಕಾರ. ಕೊಂಬಿಲೆ ಹಾಯೂದು ಐತಿ. ಬಾಳ ಹತ್ರ ನಿಂದರಬ್ಯಾಡ್ರಿ."

ಎದುರು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈರಬಸಪ್ಪ ಕಾಲುವೆಗೆ ಅಡ್ಡ ಒಂದು ಕಲ್ಲು ಇಟ್ಟು ಒಳಗೆ ಹೋದ. ಶೈಲಾ ಅದನ್ನು ಕಾಲಿನಿಂದ ಸರಿಸಿ ತಾನೂ ಒಳಗೆ ಬಂದಳು.

ಪೂಜೆ ಮುಗಿದು, ಲಿಂಗ ಮತ್ತೆ ಕೊರಳಿಗೆ ಸೇರುವಷ್ಟರಲ್ಲಿ ಚಹಾ ಮುಂದೆ ಬಂದಿತ್ತು. ಶಿವಗಂಗವ್ವ ಕಪ್ಪಿನಿಂದ ಬಶಿಗೆ ಹಾಕಿಕೊಂಡು ಒಂದು ಗುಟುಕು ಕುಡಿದಳು. ಹೊರಗೆ ಇನ್ನೂ ಬಿಸಿಲು ಹತ್ತಿರಲಿಲ್ಲ.

"ಹಾಯೂದು ಅಂದಿ?"

"ಅಂದ್ನ್ರಿ."

"ಚಾಕ್ಕ ಸಕ್ರಿ ಕಮ್ಮಿ ಆಗೇತಿ."

ಶೈಲಾ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. "ಡಬ್ಬಿ ಅಡಗಿ ಮನ್ಯಾಗ ಐತ್ರಿ. ಹೋಗಿ ಹಾಕ್ಕೋರಿ. ಈಗ ಏಳಾಕ ಬರತೈತೆಲ್ಲ."

ಅವಳು ಬಸ್ಸಿಗೆ ಹೋದಳು. ಶಿವಗಂಗವ್ವ ಬಶಿಯನ್ನು ಕೆಳಗಿಟ್ಟು, ವಾಕರನ್ನು ಹತ್ತಿರಕ್ಕೆ ಎಳೆದುಕೊಂಡಳು.