ಅಕ್ಕನ ಮಿದುಳಿನ ಬಿಳಿ ಕಲೆಗಳು

ನಮ್ಮ ಅಕ್ಕ ರಜನಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟವನು ನಾನೇ.

ಅಮರಗೋಳದ ಕಾಳಿನ ವ್ಯಾಪಾರಿ ಶಾಂತಯ್ಯನವರ ಮಗ ಗುರುಪಾದ ಮಾಮಾನಿಗೆ ಅವಳನ್ನು ಕೊಟ್ಟಿದ್ದು 2001ರಲ್ಲಿ. ಮರುವರ್ಷ ಒಂದು ಕಣ್ಣು ಮಂಜಾಯಿತು ಎಂದಳು. ಮೂರು ವಾರಕ್ಕೆ ತಾನೇ ಸರಿಹೋಯಿತು. ಅದರ ಮರುವರ್ಷ ಕಾಲು ಜೋಮು ಹಿಡಿದು ರೊಟ್ಟಿ ಬುಟ್ಟಿ ಸಮೇತ ಬಿದ್ದಳು. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ.

"ಕೆಲಸ ತಪ್ಪಿಸಾಕ ನಾಟಕ ಮಾಡತಾಳ," ಎಂದರು ಅತ್ತೆ ಚನ್ನಬಸವ್ವ.

ನಾನು ಸುಮ್ಮನಿರಬೇಕಲ್ಲ? ಸೌಟನ್ನೇ ಟ್ರೋಫಿ ಮಾಡಿ ಎಲ್ಲರೆದುರು ಅಕ್ಕನ ಕೈಗಿಟ್ಟೆ. ಸೌಟು ಜಾರಿ ಬಿತ್ತು. ಅದಕ್ಕೂ ಚಪ್ಪಾಳೆ ತಟ್ಟಿದೆ.

ಕಡೆಗೆ ಕೇಶ್ವಾಪುರದ ನರರೋಗದ ಡಾಕ್ಟರು ಎಂಆರ್‌ಐ ಮಾಡಿಸಿದರು. ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, "ನಡುವ ನೀರಿನ ಕೋಣಿ ಅದಾವಲ್ಲ, ಅದರ ಬಾಜೂಕ ಕೈಬಟ್ಟು ನಿಂತಂಗ ಬಿಳಿ ಕಲಿ ನೋಡ್ರಿ. ನರದ ಮ್ಯಾಲಿನ ಹೊದಿಕಿ ಕಿತ್ತ ಜಾಗಾ ಅವು. ಇಂಜೆಕ್ಷನ್ ಕೊಟ್ಟಾಗ ಹೊಳಿಯೋದು ಹೊಸಾ ಗಾಯ, ಉಳಿದವು ಹಳೇವು. ಸಿಟಿ ಸ್ಕ್ಯಾನಿನ್ಯಾಗ ಇವು ಭಾಳ ಸಲ ಕಾಣಂಗಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರ. ಔಷಧ ಅದಾವ, ಹೆದರಬ್ಯಾಡ್ರಿ," ಎಂದರು.

ಹೊರಗೆ ಬಂದ ಅಕ್ಕ ನನ್ನ ತೋಳು ಹಿಡಿದಳು. "ಫಕ್ಯಾ, ಇದನ್ನ ನಮ್ಮ ಅತ್ತಿ ಮಾವಗ ತೋರಸಬ್ಯಾಡ. ನಿಮ್ಮ ಮಾಮಾ ಊರಿಂದ ಬರಲಿ, ಮೊದಲ ಅವರಿಗೆ ನಾನ ಹೇಳ್ತೇನಿ."

"ಸಾಕ್ಷಿ ಸಿಕ್ಕ ಮ್ಯಾಲೆ ಸುಮ್ಮನ ಕೂಡೋದು ಹೀರೋನ ಜಾತಕದಾಗ ಇಲ್ಲ ಅಕ್ಕಾ!"

"ನೀ ಹೀರೋ ಅಲ್ಲೋ, ನನ್ನ ತಮ್ಮ."

ಅಕ್ಕನನ್ನು ನಮ್ಮ ಮನೆಯಲ್ಲಿ ಬಿಟ್ಟು ಮರುದಿನವೇ ಅಮರಗೋಳಕ್ಕೆ ಹೋದೆ. ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ಲಾಯರ್ ಗತ್ತಿನಲ್ಲಿ ಗುಡುಗಿದೆ: "ಮೈ ಲಾರ್ಡ್! ನಾಟಕ ಅಂದ ನಾಲಿಗಿ ಈಗ ಉತ್ತರ ಕೊಡಲಿ! ಎಷ್ಟು ಕಲಿ, ಅಷ್ಟು ಸಾಕ್ಷಿ!"

ಚನ್ನಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗೆದ್ದೆ ಅಂದುಕೊಂಡೆ.

ಶಾಂತಯ್ಯನವರು ಎದ್ದು ಬಂದರು. ಅಂಗಡಿಯಲ್ಲಿ ಚೀಲಕ್ಕೆ ಚುಚ್ಚಿ ತೆಗೆದ ಜೋಳವನ್ನು ಅಂಗೈಯಲ್ಲಿ ಹರಡಿ ನೋಡುವ ಹಾಗೆಯೇ ಫಿಲಂ ನೋಡಿದರು. ಒಂದು ಹಿಡಿಯಲ್ಲಿ ಹುಳ ಕಂಡರೆ ಅವರು ಒಂದು ಚೀಲವನ್ನೂ ಇಳಿಸಿಕೊಳ್ಳುವುದಿಲ್ಲ. ಬಂದ ಬಂಡಿಯಲ್ಲೇ ವಾಪಸ್.

"ಇವು ಹಳೇವೇನು?"

"ಹೌದ್ರಿ! ಹೊಸಾದು ಒಂದ. ಉಳಿದವೆಲ್ಲಾ ಹಳೇವು!"

"ಅಂದ್ರ ಮದಿವಿಕಿಂತ ಮೊದಲಿಂದೂ ಇರಬಹುದು."

ಹಳೆಯದೆಂದರೆ ಎಷ್ಟು ಹಳೆಯದೆಂದು ಡಾಕ್ಟರನ್ನು ನಾನು ಕೇಳಿರಲೇ ಇಲ್ಲ.

"ಗೊತ್ತಿದ್ದೂ ಕೊಟ್ರಿ ಹಂಗಾರ. ನಿಮ್ಮ ಹುಡುಗಿನ್ನ ನಿಮ್ಮ ಮನ್ಯಾಗ ಇಟಗೊಳ್ರಿ. ಆರಾಮಾದ ಮ್ಯಾಲೆ ನೋಡೂಣು."

ವಾರಕ್ಕೆ ಗುರುಪಾದ ಮಾಮಾ ಅಕ್ಕನ ಟ್ರಂಕು ತಂದಿಳಿಸಿದ. "ಅಪ್ಪಾರು ಹೇಳ್ಯಾರ," ಎಂದಷ್ಟೇ ಹೇಳಿ, ಚಹಾನೂ ಕುಡಿಯದೆ ಹೋದ.

ಅಕ್ಕ ಗೋಡೆ ಹಿಡಿದು ನಿಂತಿದ್ದಳು. "ಸುಳ್ಳಿ ಅನಿಸಿಕೊಂಡರೂ ಆ ಮನ್ಯಾಗ ನನಗೊಂದು ಒಲಿ ಇತ್ತು," ಎಂದಳು. "ನೀ ನನ್ನ ಖರೇ ಮಾಡಿ ಇಲ್ಲಿ ತಂದು ಕುಂಡ್ರಿಸಿದಿ."