ಗಡಿ ದಾಟಿದ ಮನೆ

ಮನೆ ಸಾಗಿಸುವುದು ಅಪ್ಪನ ಕಾಲದಿಂದ ನಮ್ಮ ಕಸುಬು. ಮನೆಯ ಸಾಮಾನು ಸಾಗಿಸುವವರು ಬೇರೆ, ನಾವು ಮನೆಯನ್ನೇ ಸಾಗಿಸುತ್ತೇವೆ. ನಮ್ಮ ಕಡೆ ಮನೆಗಳೆಲ್ಲ ಮರದವು. ಅಡಿಪಾಯದಿಂದ ಜಾಕ್ ಕೊಟ್ಟು ಎತ್ತಿ, ಕೆಳಗೆ ಉಕ್ಕಿನ ತೊಲೆ ತೂರಿಸಿ, ಗಾಲಿ ಕಟ್ಟಿ, ಲಾರಿಯಿಂದ ಮೆಲ್ಲಗೆ ಎಳೆದುಕೊಂಡು ಹೋಗುವುದು. ಹೆದ್ದಾರಿ ಬಂತೆಂದೋ ಹೊಳೆ ಉಕ್ಕಿತೆಂದೋ ಜನ ನಮ್ಮನ್ನು ಕರೆಯುತ್ತಾರೆ. ಮದುವೆಗಾಗಿ ನಾನು ಸಾಗಿಸಿದ್ದು ಒಂದೇ ಮನೆ, ಓಪಲ್ ಟೀಚರದ್ದು.

ಅವರು ನಮ್ಮ ಶೆಡ್ಡಿಗೆ ಬಂದದ್ದು 2010ರ ಸೆಪ್ಟೆಂಬರಿನಲ್ಲಿ. ಎಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಕೋಲು, ಮುಖದಲ್ಲಿ ರಕ್ತವಿಲ್ಲ. ನನಗೆ ಏಳನೇ ಕ್ಲಾಸಿನಲ್ಲಿ ಗಣಿತ ಕಲಿಸಿದವರು. ಕಲಿಸಲು ಪ್ರಯತ್ನಿಸಿದವರು ಅನ್ನುವುದು ಹೆಚ್ಚು ಸರಿ. ಕುರ್ಚಿ ಕೊಟ್ಟರೆ ಕೂರದೆ, ತಮ್ಮ ಮನೆಯನ್ನು ಹನ್ನೊಂದು ಮೈಲಿ ಉತ್ತರಕ್ಕೆ, ನಮ್ಮ ಮಿಸ್ಸೂರಿ ರಾಜ್ಯದ ಗಡಿ ದಾಟಿಸಿ ಪಕ್ಕದ ಅಯೋವಾದಲ್ಲಿ ಇಡಬೇಕು ಎಂದರು. ಅಲ್ಲಿ ರೋವೆನಾಳ ಅಕ್ಕ ಬಿಟ್ಟುಹೋದ ಒಂದು ಎಕರೆ ಜಾಗ ಇತ್ತು.

ರೋವೆನಾ ಯಾರೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಮೂವತ್ತಮೂರು ವರ್ಷದಿಂದ ಟೀಚರ ಜೊತೆ ಒಂದೇ ಮನೆಯಲ್ಲಿದ್ದವಳು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ‘ಟೀಚರ ಮನೆಯಲ್ಲಿ ಇರುವವಳು’ ಎನ್ನುತ್ತಿದ್ದೆವು, ಅಷ್ಟೇ. ಹಿಂದಿನ ವರ್ಷ ಅಯೋವಾದ ಕೋರ್ಟು ಹೆಣ್ಣು ಹೆಣ್ಣನ್ನೂ ಗಂಡು ಗಂಡನ್ನೂ ಮದುವೆಯಾಗಬಹುದು ಎಂದು ತೀರ್ಪು ಕೊಟ್ಟಾಗ ಇಬ್ಬರೂ ಆಚೆಗೆ ಹೋಗಿ ಮದುವೆಯಾಗಿ ಅದೇ ದಿನ ಸಂಜೆ ವಾಪಸು ಬಂದಿದ್ದರು. ಆದರೆ ಮಿಸ್ಸೂರಿಯಲ್ಲಿ ಆ ಮದುವೆ ನಡೆಯುವುದಿಲ್ಲ. ಮದುವೆ ಎಂದರೆ ಗಂಡು ಹೆಣ್ಣಿನದು ಮಾತ್ರ ಎಂದು 2004ರಲ್ಲಿ ವೋಟು ಹಾಕಿ ನಮ್ಮ ರಾಜ್ಯದ ಸಂವಿಧಾನದಲ್ಲೇ ಬರೆಸಿದ್ದೆವು. ಹೀಗಾಗಿ ಹೋಗುವಾಗ ಹೆಂಡತಿಯಾದವಳು ಬರುವಾಗ ಮತ್ತೆ ಮನೆಯಲ್ಲಿ ಇರುವವಳೇ ಆದಳು.

ಅಲ್ಲೇ ಒಂದು ಬಾಡಿಗೆ ಮನೆ ಹಿಡಿದರೆ ಸಾಕಲ್ಲ, ಇಡೀ ಮನೆ ಯಾಕೆ ಎಳೆಯಬೇಕು ಎಂದು ಕೇಳಿದೆ.

“ನಾನು ಹುಟ್ಟಿದ್ದು ಆ ಮನೆ ರೂಮಲ್ಲಿ ಕಣೋ ಆರ್ಲೋ. ಅಪ್ಪ ಕಟ್ಟಿದ್ದು. ಸಾಯೋದೂ ಅಲ್ಲೇ,” ಎಂದರು. “ಆದ್ರೆ ಈ ಕಡೆ ಸತ್ರೆ ಸಾವಿನ ಪತ್ರದಲ್ಲಿ ಮದುವೆ ಆಗದವಳು ಅಂತ ಬರೀತಾರೆ. ಆ ಕಡೆ ಸತ್ರೆ ರೋವೆನಾ ಹೆಸರು ಬರೀತಾರೆ. ಎರಡೂ ಬೇಕು ಅಂದ್ರೆ ಮನೇನೇ ಹೋಗ್ಬೇಕು. ಆಗುತ್ತೋ ಇಲ್ವೋ, ಅಷ್ಟು ಹೇಳು.”

ಆಗುತ್ತೆ ಎಂದೆ. ಏಳನೇ ಕ್ಲಾಸಿನಲ್ಲಿ ಅವರ ಯಾವ ಪ್ರಶ್ನೆಗೂ ಇಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ.

ಆದರೆ ತಡವಾಯಿತು. ಅಲ್ಲಿ ಅಡಿಪಾಯ ಹಾಕಿಸಿ, ಇಲ್ಲಿ ಕೌಂಟಿಯ ಪರವಾನಗಿ ಪಡೆಯುವಷ್ಟರಲ್ಲಿ ನವೆಂಬರ್ ಬಂತು. ಆ ತಿಂಗಳು ಅಯೋವಾದವರೂ ತೀರ್ಪು ಕೊಟ್ಟಿದ್ದ ಮೂವರು ನ್ಯಾಯಾಧೀಶರನ್ನು ವೋಟು ಹಾಕಿ ಮನೆಗೆ ಕಳಿಸಿದರು. ಇನ್ನು ಅಲ್ಲೂ ಬಾಗಿಲು ಹಾಕುತ್ತಾರೆ ಎಂದು ರೋವೆನಾ ಊಟ ಬಿಟ್ಟು ಕೂತಳು. ಆಮೇಲೆ ಹಿಮ. ಜನವರಿಯ ಕೊನೆಗೆ ಡಾಕ್ಟರು ಟೀಚರಿಗೆ ಇನ್ನು ಆರು ವಾರ ಎಂದರು. ಮಾರ್ಚ್ ಶುರುವಾದರೆ ನೆಲದ ಹೆಪ್ಪು ಕರಗುತ್ತದೆ, ರಸ್ತೆ ಕುಸಿಯುತ್ತದೆ ಎಂದು ಮೇ ತನಕ ಭಾರದ ಗಾಡಿಗಳನ್ನು ಬಿಡುವುದಿಲ್ಲ. ಅಂದರೆ ಫೆಬ್ರವರಿಯಲ್ಲಿ ಮನೆ ಹೋಗಬೇಕು, ಇಲ್ಲವಾದರೆ ಹೋಗುವುದೇ ಇಲ್ಲ.

ದಾರಿಯಲ್ಲಿ ಒಂದು ದೊಡ್ಡ ತೊಡಕಿತ್ತು. ಗಡಿಗೆ ಅರ್ಧ ಮೈಲಿ ಇರುವಾಗ ಡೆಲ್ಮರ್ ಕ್ಯಾಸ್ ಎಂಬ ರೈತನ ಮೇಪಲ್ ಮರ ರಸ್ತೆಯ ಮೇಲೆ ಚಾಚಿಕೊಂಡಿತ್ತು. ಎರಡು ದಪ್ಪ ಕೊಂಬೆ ಕಡಿಯದೆ ಮನೆಯ ಸೂರು ದಾಟುವಂತಿರಲಿಲ್ಲ. ಶರತ್ಕಾಲದಲ್ಲೇ ಹೋಗಿ ಕೇಳಿದ್ದೆ. ಒಂದು ಕಡ್ಡಿಯನ್ನೂ ಮುರಿಯಬೇಡ ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದ. ನನಗೇನೂ ಆಶ್ಚರ್ಯವಾಗಲಿಲ್ಲ. 2004ರಲ್ಲಿ ತನ್ನ ಗೇಟಿಗೆ ಆಳೆತ್ತರದ ಬೋರ್ಡು ಹೊಡೆದು, ಚರ್ಚಿನ ಬಾಗಿಲಲ್ಲಿ ನಿಂತು ವೋಟಿನ ಚೀಟಿ ಹಂಚಿದವನು ಅವನೇ. ಮರ ಬರೀ ನೆಪ ಎಂದುಕೊಂಡೆ. ಸುಮ್ಮನೆ ಕೌಂಟಿ ಕಚೇರಿಗೆ ಹೋಗಿ, ರಸ್ತೆಯ ಮೇಲೆ ಬಂದ ಕೊಂಬೆ ಕಡಿಯಲು ಕಾಗದ ಬರೆಸಿಕೊಂಡು ಜೇಬಿಗೆ ಹಾಕಿಕೊಂಡೆ. ಟೀಚರಿಗೆ ಇದ್ಯಾವುದನ್ನೂ ಹೇಳಲಿಲ್ಲ.

ಫೆಬ್ರವರಿ ಎರಡನೇ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮುಂದೆ ನನ್ನ ಹೆಂಡತಿ ನಡೀನ್, ದೀಪ ಮಿನುಗಿಸುತ್ತ ಪಿಕಪ್ ಗಾಡಿಯಲ್ಲಿ. ಹಿಂದೆ ಲಾರಿಯಲ್ಲಿ ನಾನು, ನನ್ನ ಬೆನ್ನಿಗೆ ಮನೆ. ಅದರ ಹಿಂದೆ ರೋವೆನಾಳ ವ್ಯಾನು. ಟೀಚರ್ ಅದರಲ್ಲಿ ದಿಂಬು ಒರಗಿ, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದರು. ಮೊದಲೇ ಹೋಗಿ ಆಚೆ ಬೆಚ್ಚಗೆ ಕಾಯಿರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ತಮ್ಮ ಮನೆ ಹೋಗುವ ದಾರಿಯಲ್ಲೇ ತಾವೂ ಹೋಗುವುದಂತೆ.

ಜನ ತಮ್ಮ ಗೇಟಿನ ಬಳಿ ನಿಂತು ನೋಡುತ್ತಿದ್ದರು. ಕೆಲವರು ಅಂಚೆ ಡಬ್ಬಿ ಕಿತ್ತು ದಾರಿ ಮಾಡಿಕೊಟ್ಟಿದ್ದರು. ಕೆಲವರು ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡರು. ಬಿಸಿಲು ಮಾತ್ರ ಫೆಬ್ರವರಿಯ ಹಾಗಿರಲಿಲ್ಲ. ಒಂಬತ್ತು ಗಂಟೆಗೇ ಚಾವಣಿಯ ಹಿಮ ತೊಟ್ಟಿಕ್ಕತೊಡಗಿತು. ನಡೀನ್ ವೈರ್‌ಲೆಸ್ಸಿನಲ್ಲಿ, “ಊರವರ ಮನೆ ಎತ್ತಿಡೋಕೆ ಇಷ್ಟು ಮುತುವರ್ಜಿ. ನಮ್ಮನೆ ನಲ್ಲಿ ಎರಡು ವರ್ಷದಿಂದ ಸೋರ್ತಿದೆ,” ಎಂದಳು.

ಒಂಬತ್ತೂವರೆಗೆ ಡೆಲ್ಮರನ ಜಾಗಕ್ಕೆ ಬಂದೆವು. ಅವನು ಮರದ ಕೆಳಗೆ ನಿಂತಿದ್ದ, ಕೈಯಲ್ಲಿ ಕಬ್ಬಿಣದ ಸಲಾಕೆ. ನಾನು ಲಾರಿ ನಿಲ್ಲಿಸಿ, ಜೇಬಿನ ಕಾಗದ ಕೈಗೆ ತೆಗೆದುಕೊಂಡು ಇಳಿದೆ. ಜಗಳಕ್ಕೆ ಮಾತು ಕೂಡಿಸಿಕೊಂಡೇ ಬಂದಿದ್ದೆ.

“ಅದನ್ನ ಒಳಗಿಡು,” ಎಂದ ಡೆಲ್ಮರ್. “ಈ ಮರ ಐರೀನ್ ನೆಟ್ಟಿದ್ದು, ನಾವು ಮದುವೆ ಆದ ವರ್ಷ. ಅವಳು ಹೋಗಿ ನಾಲ್ಕು ವರ್ಷ ಆಯ್ತು. ಇದನ್ನ ಕಡಿಯೋಕೆ ಯಾರ್ಗೂ ಬಿಡಲ್ಲ. ನನ್ನ ಹೊಲದ ಮೇಲೆ ಹೋಗು.”

ಆಗ ನೋಡಿದೆ. ರಸ್ತೆಯ ಬದಿಯ ಬೇಲಿ ಅರವತ್ತು ಅಡಿ ಉದ್ದಕ್ಕೆ ಕಿತ್ತು ಸುತ್ತಿಟ್ಟಿತ್ತು. ಹೊಲದ ಆ ಕೊನೆಯಲ್ಲಿ ಗಡಿಯ ಬೇಲಿಯೂ ಇರಲಿಲ್ಲ. ಅದರಾಚೆಗೇ ರೋವೆನಾಳ ಎಕರೆ, ಹೊಸ ಅಡಿಪಾಯ. ಜೋಳದ ಕೂಳೆಯ ಮೇಲೆ ಅವನ ದೊಡ್ಡ ಟ್ರ್ಯಾಕ್ಟರು ಎಂಜಿನ್ ಚಾಲು ಮಾಡಿ ನಿಂತಿತ್ತು. ಐದು ಗಂಟೆಗೇ ಎದ್ದು ಹತ್ತು ಹತ್ತು ಹೆಜ್ಜೆಗೆ ಸಲಾಕೆ ಚುಚ್ಚಿ ನೆಲ ನೋಡಿದ್ದನಂತೆ. ಇನ್ನೂ ಗಟ್ಟಿಯಿದೆ, ಹತ್ತೂವರೆ ಆದರೆ ಹೇಳಲಾಗುವುದಿಲ್ಲ ಎಂದ.

ನಾನು ಬಾಯಿ ತೆರೆದುಕೊಂಡು ನಿಂತಿರಬೇಕು. ಅವನು ನನ್ನ ಮುಖ ನೋಡಿ ಹುಬ್ಬು ಗಂಟು ಹಾಕಿಕೊಂಡ.

“ತಪ್ಪು ತಿಳ್ಕೋಬೇಡ. ನಾನು ಹಾಕಿದ ವೋಟು ಹಾಕಿದ್ದೇ. ನಾಳೆ ಕೇಳಿದ್ರೂ ಅದನ್ನೇ ಹಾಕ್ತೀನಿ. ಆದ್ರೆ ಸಾಯೋ ಹೆಂಗಸಿನ ಮನೆ ರಸ್ತೆ ಮಧ್ಯ ನಿಲ್ಲಿಸೋನಲ್ಲ ನಾನು. ನೀನು ಬಂದು ಮರ ಕಡೀತೀನಿ ಅಂದೆ, ಹೊಲ ಕೇಳ್ಲೇ ಇಲ್ಲ.”

ನಿಜ. ಕೇಳಿರಲಿಲ್ಲ. ಅವನ ಗೇಟಿನ ಬೋರ್ಡು ನೆನಪಿಟ್ಟುಕೊಂಡು ಅಷ್ಟರಲ್ಲೇ ಮನುಷ್ಯನನ್ನು ಅಳೆದುಬಿಟ್ಟಿದ್ದೆ. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಇವನು ತನ್ನ ವೋಟನ್ನು ಬಾಯಿಬಿಟ್ಟು ಹೇಳಿದ. ನಾನು ಐದು ತಿಂಗಳಿಂದ ಆ ಮನೆಯ ಅಡಿಗೆಮನೆಯಲ್ಲಿ ರೋವೆನಾ ಮಾಡಿದ ಸೇಬಿನ ಕಡುಬು ತಿನ್ನುತ್ತ ಕೂತವನು, ಒಂದು ಮಾತೂ ಆಡಿರಲಿಲ್ಲ.

ವ್ಯಾನಿನ ಹತ್ತಿರ ಹೋದೆ. ರೋವೆನಾ ಗಾಜು ಇಳಿಸಿದಳು. ಹೊಲದ ಮೇಲೆ ಹೋಗುವ ವಿಷಯ ಹೇಳಿದೆ. ಮಾತು ಅಲ್ಲಿಗೇ ಮುಗಿಸಬಹುದಿತ್ತು, ಕಾಲು ಕದಲಲಿಲ್ಲ.

“ಟೀಚರ್, ಆ ಸಲ ನಾನೂ ಅದಕ್ಕೇ ವೋಟು ಹಾಕಿದ್ದೆ,” ಎಂದೆ.

ರೋವೆನಾ ಮುಖ ಆಚೆ ತಿರುಗಿಸಿದಳು. ಟೀಚರ್ ಕಣ್ಣು ತೆರೆದರು.

“ಗೊತ್ತು. ಹೋಮ್‌ವರ್ಕ್ ಮಾಡದೆ ಬಂದಾಗಲೂ ನೀನು ನನ್ನ ಶೂ ನೋಡ್ಕೊಂಡೇ ಮಾತಾಡ್ತಿದ್ದೆ. ಸೆಪ್ಟೆಂಬರಿಂದ ಅದನ್ನೇ ನೋಡ್ತಿದ್ದೀಯ,” ಎಂದು ಉಸಿರು ತೆಗೆದುಕೊಂಡರು. “ನೂರಕ್ಕೆ ಎಪ್ಪತ್ತೊಂದು ಜನ ಹಾಕಿದ್ರು. ಯಾರ್ಯಾರು ಅಂತ ಮನಸಲ್ಲಿ ಇಟ್ಕೊಂಡಿದ್ರೆ ನಾನು ಬ್ರೆಡ್ ತರೋಕೂ ಹೊರಗೆ ಹೋಗೋ ಹಾಗಿರ್ಲಿಲ್ಲ. ನೋವಾಗ್ಲಿಲ್ಲ ಅಂತ ಹೇಳಲ್ಲ. ಈಗ ಹೋಗು, ನೆಲ ಕರಗ್ತಿದೆ.”

ಲಾರಿಯ ಮುಂದೆ ಡೆಲ್ಮರನ ಟ್ರ್ಯಾಕ್ಟರು ಕಟ್ಟಿ ಹೊಲಕ್ಕೆ ಇಳಿಸಿದೆವು. ಎಂಬತ್ತು ವರ್ಷದ ಮನೆ ಒಂದೊಂದು ಉಬ್ಬಿಗೂ ನರಳಿತು. ಮುಕ್ಕಾಲು ಹೊಲ ದಾಟಿದಾಗ ಎಡಗಡೆಯ ಹಿಂದಿನ ಗಾಲಿ ಗೇಣುದ್ದ ಹೂತು ಇಡೀ ಮನೆ ಆ ಕಡೆಗೆ ವಾಲಿತು. ಒಳಗೆಲ್ಲೋ ಗಾಜು ಒಡೆದ ಸದ್ದು. ಇಲ್ಲಿ ನಿಂತರೆ ಮೇ ತನಕ ಇಲ್ಲೇ, ಗಡಿಗೆ ಇನ್ನೂರು ಗಜ ಈಚೆಗೆ. ಹಲಗೆ ತುರುಕಿ, ಜಾಕ್ ಕೊಟ್ಟು, ನಡೀನ್ ಕೆಸರಲ್ಲಿ ಅಂಗಾತ ಮಲಗಿ ಗಾಲಿಯ ಕೆಳಗೆ ಜಲ್ಲಿ ತಳ್ಳಿದಳು. ಡೆಲ್ಮರ್ ಟ್ರ್ಯಾಕ್ಟರನ್ನು ಇಂಚಿಂಚು ಎಳೆದ. ಗಾಲಿ ಮೇಲೆ ಬಂತು. ಹತ್ತೂ ನಲವತ್ತಕ್ಕೆ ಮನೆಯ ಮುಂಬಾಗಿಲು ಅಯೋವಾದಲ್ಲಿತ್ತು, ಅಡಿಗೆಮನೆ ಮಿಸ್ಸೂರಿಯಲ್ಲಿ. ಇನ್ನೆರಡು ನಿಮಿಷಕ್ಕೆ ಅಡಿಗೆಮನೆಯೂ ದಾಟಿತು.

ಗಡಿ ಎಂದರೆ ಅಲ್ಲಿ ಏನೂ ಇಲ್ಲ. ಈ ಕಡೆ ಕೂಳೆ, ಆ ಕಡೆ ಹುಲ್ಲು. ನಾನು ಲಾರಿಯಿಂದ ಇಳಿದು ಆ ಹುಲ್ಲಿನ ಮೇಲೆ ಕೂತು ಅತ್ತೆ. ಐವತ್ತೆರಡು ವರ್ಷದವನು ಹಾಗೆ ಅಳುವುದು ಚೆನ್ನಾಗಿರುವುದಿಲ್ಲ, ಆದರೆ ಎದೆಯ ಮೇಲಿನ ಭಾರ ಇಳಿದಾಗ ಇನ್ನೇನು ಮಾಡಬೇಕೋ ತಿಳಿಯಲಿಲ್ಲ. ಡೆಲ್ಮರ್ ನನ್ನ ಕಡೆ ನೋಡದೆ ಸರಪಳಿ ಬಿಚ್ಚಿಕೊಂಡು ತನ್ನ ಬೇಲಿ ಕಟ್ಟಲು ಹೋದ. ಟೀಚರ್ ವ್ಯಾನಿನಿಂದಲೇ ಕೈ ಎತ್ತಿದರು. ಅವನೂ ಟೋಪಿ ಮುಟ್ಟಿದ.

ಮೂರು ದಿನದಲ್ಲಿ ಮನೆಯನ್ನು ಅಡಿಪಾಯಕ್ಕೆ ಕೂರಿಸಿ, ನೀರು, ವಿದ್ಯುತ್ತು ಕೊಟ್ಟು, ಟೀಚರನ್ನು ಅವರ ರೂಮಿನ ಅದೇ ಹಾಸಿಗೆಯಲ್ಲಿ ಮಲಗಿಸಿದೆವು. ಶುಕ್ರವಾರ ನಾನು ಬಾಗಿಲ ಚೌಕಟ್ಟು ಸರಿಮಾಡುತ್ತಿದ್ದಾಗ ಅಯೋವಾದ ನರ್ಸು ಬಂದಳು, ಇನ್ನು ಮುಂದೆ ಮನೆಗೇ ಬಂದು ನೋಡಿಕೊಳ್ಳುವವಳು. ತೊಡೆಯ ಮೇಲೆ ಫಾರಂ ಇಟ್ಟುಕೊಂಡು, ರೋವೆನಾ ಟೀಚರಿಗೆ ಏನಾಗಬೇಕು ಎಂದು ಕೇಳಿದಳು.

ರೋವೆನಾ ಮದುವೆಯ ಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಜೊತೆಗೆ ಮೂರು ನಕಲು ಮಾಡಿಸಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೂವತ್ತಮೂರು ವರ್ಷದ ಜಗಳಕ್ಕೆ ತಯಾರಾದವಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿದಳು.

“ಹೆಂಡತಿ,” ಎಂದಳು.

ನರ್ಸು ತಲೆ ಎತ್ತದೆ ಬರೆದುಕೊಂಡಳು. ಪತ್ರ ಕೇಳಲಿಲ್ಲ. “ಫೋನ್ ನಂಬರ್ ಹೇಳಿ,” ಎಂದಳು.

ರೋವೆನಾಳಿಗೆ ತನ್ನ ನಂಬರೇ ಮರೆತುಹೋಯಿತು. ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಹಾಸಿಗೆಯಿಂದ ಟೀಚರೇ ಹತ್ತೂ ಅಂಕಿ ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆ ಗಟ್ಟಿಯಾಗಿ ಕೂತಿದೆಯಾ ಎಂದು ಕೇಳಿದರು. ಕೂತಿದೆ ಟೀಚರ್, ಒಂದು ಕೂದಲೆಳೆಯೂ ವಾಲಿಲ್ಲ ಎಂದೆ.

“ಹಾಗಾದ್ರೆ ಇನ್ನು ನಂಗೆ ಅವಸರ ಇಲ್ಲ,” ಎಂದು ಕಣ್ಣು ಮುಚ್ಚಿ ನಿದ್ದೆ ಹೋದರು.

ಅವಸರವಿಲ್ಲ ಎಂದವರು ಡಾಕ್ಟರನ್ನು ಸುಳ್ಳು ಮಾಡಿ ಜೂನ್ ತನಕ ಇದ್ದರು. ಕೊನೆಯ ವಾರ ರೋವೆನಾ ಕಿಟಕಿ ತೆರೆದಿಡುತ್ತಿದ್ದಳಂತೆ, ಜೋಳದ ಹೊಲ ಕಾಣಲೆಂದು. ಎಲ್ಲ ಮುಗಿದು ಹತ್ತು ದಿನಕ್ಕೆ ಅವಳು ನಮ್ಮ ಶೆಡ್ಡಿಗೆ ಬಂದು ಒಂದು ಕಾಗದ ಕೈಗಿಟ್ಟಳು. ತನಗೆ ಅಕ್ಷರ ಕಾಣುತ್ತಿಲ್ಲ, ಸರಿಯಾಗಿದೆಯಾ ಓದು ಎಂದಳು. ಕೈ ಒರೆಸಿಕೊಂಡು ಓದಿದೆ. ಹುಟ್ಟಿದ ತಾರೀಖು, ತೀರಿಕೊಂಡ ತಾರೀಖು, ಮದುವೆ ಆಗಿದೆ, ಸಂಗಾತಿಯ ಹೆಸರು ರೋವೆನಾ. ಎರಡನೇ ಸಲ ಗಟ್ಟಿಯಾಗಿ ಓದು ಎಂದಳು. ಕಾಗದ ಕೆಳಗಿಳಿಸಿ, ಅವಳ ಕಣ್ಣನ್ನೇ ನೋಡುತ್ತ ಹೇಳಿದೆ.